ಹಿಡಿಯ ಎಂಟು ಮುಖ: ಫೋರ್‌ಹ್ಯಾಂಡ್ ಹೊಡೆತ ಬದಲಾದ ಬಗೆ

ಟೆನಿಸ್ ರಾಕೆಟ್ಟಿನ ಹಿಡಿಗೆ ಎಂಟು ಮುಖ. ತೋರುಬೆರಳಿನ ಬುಡದ ಗೆಣ್ಣು ಯಾವ ಮುಖದ ಮೇಲೆ ಕೂತಿದೆ ಎಂದು ನೋಡಿದರೆ ಸಾಕು, ಆ ಆಟಗಾರನ ಫೋರ್‌ಹ್ಯಾಂಡಿನ ಜಾತಕ ಹೇಳಬಹುದು. ಸುತ್ತಿಗೆ ಹಿಡಿದಂತಿದ್ದರೆ ಕಾಂಟಿನೆಂಟಲ್, ಕೈಕುಲುಕಿದಂತಿದ್ದರೆ ಈಸ್ಟರ್ನ್, ನೆಲದ ಮೇಲೆ ಮಲಗಿಸಿದ ರಾಕೆಟ್ಟನ್ನು ಮೇಲಿನಿಂದ ಬಾಚಿ ಎತ್ತಿಕೊಂಡಂತಿದ್ದರೆ ವೆಸ್ಟರ್ನ್. ಯುರೋಪ್, ಅಮೆರಿಕದ ಪೂರ್ವ ಭಾಗ, ಕ್ಯಾಲಿಫೋರ್ನಿಯಾ: ಹೆಸರುಗಳೇ ಹುಟ್ಟೂರು ಹೇಳುತ್ತವೆ. ಈ ಹೊಡೆತದ ಸುಧಾರಣೆಯನ್ನು ಪ್ರತಿಭಾವಂತರ ವಂಶಾವಳಿಯಾಗಿ ಬರೆಯುವ ರೂಢಿಯಿದೆ. ಕೈಯನ್ನು ತಿದ್ದಿದ್ದು ಹೆಚ್ಚಾಗಿ ನೆಲ ಮತ್ತು ತಂತಿ ಎಂಬುದು ನನ್ನ ವಾದ.

ಹುಲ್ಲಿನ ಮೇಲೆ ಚೆಂಡು ಜಾರಿ ತಗ್ಗಿನಲ್ಲೇ ಬರುತ್ತದೆ. ಅದಕ್ಕೆ ಕಾಂಟಿನೆಂಟಲ್ ಹಿಡಿತ ಒಪ್ಪುತ್ತಿತ್ತು. ಫ್ರೆಡ್ ಪೆರ್ರಿ 1934ರಿಂದ 1936ರವರೆಗೆ ವಿಂಬಲ್ಡನ್ ಗೆದ್ದದ್ದು ಇದೇ ಹಿಡಿತದಲ್ಲಿ. ಕ್ಯಾಲಿಫೋರ್ನಿಯಾದ ಸಿಮೆಂಟ್ ಅಂಕಣಗಳಲ್ಲಿ ಚೆಂಡು ಭುಜದ ಮಟ್ಟಕ್ಕೆ ಪುಟಿಯುತ್ತಿತ್ತು, ಹಾಗಾಗಿ ಅಂಗೈ ಹಿಡಿಯ ಕೆಳಗೆ ಸರಿಯಿತು. ಅಲ್ಲಿಂದ ಬಂದ ಕುಳ್ಳಗಿನ ಬಿಲ್ ಜಾನ್‌ಸ್ಟನ್ 1915 ಮತ್ತು 1919ರಲ್ಲಿ ಅಮೆರಿಕದ ಚಾಂಪಿಯನ್ ಆದ, 1923ರಲ್ಲಿ ವಿಂಬಲ್ಡನ್ ಗೆದ್ದ. ಆದರೆ ಈಸ್ಟರ್ನ್ ಹಿಡಿತದ ಬಿಲ್ ಟಿಲ್ಡನ್ ಎದುರು ಅಮೆರಿಕದ ಫೈನಲ್‌ನಲ್ಲಿ ಐದು ಸಲ ಸೋತ. ತಗ್ಗಿನ ಚೆಂಡಿಗೆ ವೆಸ್ಟರ್ನ್ ಹಿಡಿತ ಆಗಿಬರುವುದಿಲ್ಲ ಎಂಬ ಮಾತು ಮುಂದೆ ದಶಕಗಳ ಕಾಲ ಪಾಠವಾಗಿಯೇ ಉಳಿಯಿತು.

ಆ ಪಾಠವನ್ನು ಮೊದಲು ಕದಲಿಸಿದವನು ಬ್ಯೋರ್ನ್ ಬೋರ್ಗ್. ತಂತಿಗಳನ್ನು ವಿಪರೀತ ಬಿಗಿದ ಮರದ ರಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ, ಪ್ಯಾರಿಸ್ಸಿನ ಮಣ್ಣಿನಲ್ಲಿ ಆರು ಸಲ, 1976ರಿಂದ 1980ರವರೆಗೆ ವಿಂಬಲ್ಡನ್ ಹುಲ್ಲಿನಲ್ಲಿ ಸತತ ಐದು ಸಲ ಗೆದ್ದ. ಮುಂದಕ್ಕೆ ಉರುಳುತ್ತ ಹಾರುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ಬಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಬೀಸಿ ಹೊಡೆದರೂ ಅದು ಗೆರೆಯೊಳಗೇ ಬೀಳುವುದು ಅದಕ್ಕೇ. ಆದರೆ ಮರದ ರಾಕೆಟ್ಟಿನ ಕಿರಿದಾದ ಮುಖದಲ್ಲಿ ಹಾಗೆ ಉಜ್ಜಿ ಹೊಡೆಯುವುದು ಎಲ್ಲರ ಕೈಗೂ ದಕ್ಕುವಂಥದ್ದಲ್ಲ. ಹೋವರ್ಡ್ ಹೆಡ್ 1976ರಲ್ಲಿ ದೊಡ್ಡ ಮುಖದ ರಾಕೆಟ್ಟಿಗೆ ಪೇಟೆಂಟ್ ಪಡೆದ ಮೇಲೆ ಸಾಮಾನ್ಯರಿಗೂ ಅದು ಎಟುಕಿತು.

ಇಲ್ಲಿ ಒಂದು ವಿಚಿತ್ರ ಪ್ರಸಂಗ. 1977ರಲ್ಲಿ ‘ಸ್ಪಾಗೆಟಿ’ ರಾಕೆಟ್ ಎಂಬುದು ಬಂತು. ಅದರಲ್ಲಿ ತಂತಿಗಳು ಒಂದಕ್ಕೊಂದು ಹೆಣೆದಿರಲಿಲ್ಲ. ಪದರಪದರವಾಗಿದ್ದವು, ಚೆಂಡು ತಾಗಿದಾಗ ಪಕ್ಕಕ್ಕೆ ಜಾರಿ ಮತ್ತೆ ಚಿಮ್ಮುತ್ತಿದ್ದವು. ಎಕ್ಸ್-ಆನ್-ಪ್ರೊವಾನ್ಸ್‌ನ ಫೈನಲ್‌ನಲ್ಲಿ ಇಲಿಯೆ ನಸ್ತಾಸೆ ಅದನ್ನು ಹಿಡಿದು ಬಂದಾಗ, ಮಣ್ಣಿನಂಕಣದಲ್ಲಿ ಸತತ 53 ಪಂದ್ಯ ಗೆದ್ದಿದ್ದ ಗಿಲ್ಲೆರ್ಮೊ ವಿಲಾಸ್ ಎರಡು ಸೆಟ್ ಸೋತು ಸಿಟ್ಟಿನಲ್ಲಿ ಹೊರನಡೆದ. ಮರುವರ್ಷ ಆ ರಾಕೆಟ್ ಪೂರ್ಣ ನಿಷೇಧವಾಯಿತು.

ಜಾರಿ ಚಿಮ್ಮುವ ಆ ಗುಣ ಮಾತ್ರ ಹಿಂಬಾಗಿಲಿನಿಂದ ವಾಪಸ್ ಬಂತು. 1997ರಲ್ಲಿ ಗುಸ್ತಾವೊ ಕುರ್ಟೆನ್ ನುಣುಪಾದ ಪಾಲಿಯೆಸ್ಟರ್ ತಂತಿಯ ರಾಕೆಟ್ ಹಿಡಿದು ಫ್ರೆಂಚ್ ಓಪನ್ ಗೆದ್ದ. ಹೆಣಿಗೆ ನಿಯಮದ ಪ್ರಕಾರವೇ ಇದ್ದರೂ ಈ ತಂತಿ ಚೆಂಡಿನ ಜೊತೆ ಸರಿದು, ಚೆಂಡು ಬಿಡುವ ಗಳಿಗೆಯಲ್ಲಿ ಮರಳಿ ಸೆಟೆಯುತ್ತದೆ. ಅತಿವೇಗದ ಕ್ಯಾಮೆರಾ ಅಳತೆಗಳಲ್ಲಿ ಹಿಂದಿನ ಪೀಳಿಗೆಯ ಆಟಗಾರರಾದ ಸಾಂಪ್ರಾಸ್ ಮತ್ತು ಅಗಾಸಿಯ ಫೋರ್‌ಹ್ಯಾಂಡ್ ಚೆಂಡು ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತಿದ್ದರೆ, ಅವರ ನಂತರದ ಪೀಳಿಗೆಯ ನಡಾಲ್‌ನದು ಸರಾಸರಿ 3200. ಅಷ್ಟರಲ್ಲಿ, 2001ರಲ್ಲಿ, ವಿಂಬಲ್ಡನ್ ತನ್ನ ಹುಲ್ಲನ್ನು ಪೂರ್ತಿ ರೈಗ್ರಾಸ್‌ಗೆ ಬದಲಿಸಿತ್ತು. ನೆಲ ಗಟ್ಟಿಯಾಗಿ ಪುಟಿತ ಎತ್ತರವಾಯಿತು. ಜಾನ್‌ಸ್ಟನ್‌ನನ್ನು ಕಾಡಿದ ತಗ್ಗಿನ ಚೆಂಡನ್ನು ಮೇಲೆತ್ತಿಕೊಟ್ಟವರಲ್ಲಿ ಅಂಕಣದ ಮಾಲಿಗಳೂ ಇದ್ದಾರೆ.