ಜಾಮೀನಿಗೆ ಸಹಿ ಹಾಕುವವರು

ಮೊನ್ನೆ ನಮ್ಮ ಬ್ಯಾಂಕಿನಲ್ಲಿ ಎರಡು ದಿನದ ಟ್ರೇನಿಂಗ್ ಇತ್ತು. ವಿಷಯ ‘ಮೆಂಟರಿಂಗ್’. ಅಂದರೆ ಐವತ್ತು ದಾಟಿದ ನನ್ನಂಥ ಅಧಿಕಾರಿಗಳು ಹೊಸದಾಗಿ ಸೇರಿದ ಹುಡುಗ ಹುಡುಗಿಯರನ್ನು ಹೇಗೆ ಬೆಳೆಸಬೇಕು ಅನ್ನುವ ಪಾಠ. ಊಟ ಚೆನ್ನಾಗಿತ್ತು. ಪಾಠವೂ ಕೆಟ್ಟದಿರಲಿಲ್ಲ. ಮೆಂಟರ್ ಅನ್ನುವುದು ಗ್ರೀಕರ ‘ಒಡಿಸ್ಸಿ’ ಕಾವ್ಯದಲ್ಲಿ ಬರುವ ಒಬ್ಬ ಹಿರಿಯನ ಹೆಸರಂತೆ. ಯುದ್ಧಕ್ಕೆ ಹೊರಟ ರಾಜ ತನ್ನ ಮನೆಯನ್ನು ಅವನ ಕೈಗೆ ಒಪ್ಪಿಸಿ ಹೋಗಿದ್ದ. ಕೇಳುತ್ತ ಕುಳಿತ ನನಗೆ ಮಾತ್ರ ಗ್ರೀಸಿಗಿಂತ ಹತ್ತಿರದ ಒಂದು ಕಥೆ ನೆನಪಾಯಿತು. ಇದೇ ಮುಂಬಯಿಯಲ್ಲಿ ಶಿಷ್ಯನೊಬ್ಬ ಗುರುವಿನ ಹೆಸರಿನಲ್ಲಿ ಒಂದು ಬ್ಯಾಂಕನ್ನೇ ಕಟ್ಟಿದ ಕಥೆ ಅದು.

ನಾನು ಉತ್ತರ ಕನ್ನಡದವನು. 1862ರಲ್ಲಿ ಬ್ರಿಟಿಷರು ನಮ್ಮ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮಂಗಳೂರಿನ ಕಡೆಯವರು ಮದ್ರಾಸಿನಲ್ಲೇ ಉಳಿದರು. ಕಾರವಾರ, ಕುಮಟಾದವರಿಗೆ ಹೈಕೋರ್ಟು, ಯೂನಿವರ್ಸಿಟಿ, ಸರಕಾರಿ ನೌಕರಿ ಎಲ್ಲವೂ ಮುಂಬಯಿ ಅಂತಾಯಿತು. ಕಲಿತ ಹುಡುಗರು ಹಡಗು ಹತ್ತಿದರು. ಅವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರು ಮುಂದಿದ್ದರು. ಮನೆಮಾತು ಕೊಂಕಣಿ, ಶಾಲೆಯ ಓದು ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷು. ನಾನು ಆ ಸಮಾಜದವನಲ್ಲ, ಆದರೆ ಅವರ ದಾರಿಯಲ್ಲೇ ಬಂದವನು.

ಹಾಗೆ ಬಂದ ಗುಮಾಸ್ತನ ಪಾಡು ಊಹಿಸಿ ನೋಡಿ. ಸಂಬಳ ತಿಂಗಳ ಕೊನೆಗೆ ಸಾಲದು. ಊರಲ್ಲಿ ತಂಗಿಯ ಮದುವೆ, ಇಲ್ಲಿ ಮಗುವಿಗೆ ಜ್ವರ. ಒತ್ತೆ ಇಡಲು ಮುಂಬಯಿಯಲ್ಲಿ ಜಮೀನಿಲ್ಲ, ಮನೆಯಿಲ್ಲ. ದೊಡ್ಡ ಬ್ಯಾಂಕುಗಳು ಇಂಥವನನ್ನು ಬಾಗಿಲಲ್ಲೂ ನಿಲ್ಲಿಸಿಕೊಳ್ಳುತ್ತಿರಲಿಲ್ಲ. ಉಳಿದದ್ದು ಬಡ್ಡಿ ವ್ಯಾಪಾರಿ ಒಬ್ಬನೇ.

ಆ ಕಾಲದಲ್ಲಿ ಶ್ಯಾಮರಾವ್ ವಿಠ್ಠಲ ಕಾಯ್ಕಿಣಿ ಎಂಬ ವಕೀಲರಿದ್ದರು. ತಮ್ಮ ಸಮಾಜದ ಬಡವರ ಕಷ್ಟಕ್ಕೆ ಕೈಚಾಚಿದವರು ಎಂದು ಹೆಸರಾದವರು. ಅವರನ್ನು ಗುರುವೆಂದು ನಂಬಿದವರು ಶ್ರೀಪಾದ ಸುಬ್ಬರಾವ್ ತಲ್ಮಕಿ. ಗುರು ತೀರಿಕೊಂಡ ಮೇಲೆ ಶಿಷ್ಯ ಏನು ಮಾಡಬಹುದು? ಫೋಟೋಗೆ ಹಾರ ಹಾಕಬಹುದು. ತಲ್ಮಕಿಯವರು 1906ರ ಡಿಸೆಂಬರ್ 27ರಂದು ಗುರುವಿನ ಹೆಸರಿನಲ್ಲಿ ಒಂದು ಸಹಕಾರಿ ಸಾಲದ ಸಂಘ ಶುರುಮಾಡಿದರು. ಅದೇ ಮುಂದೆ ಶ್ಯಾಮರಾವ್ ವಿಠ್ಠಲ ಬ್ಯಾಂಕ್ ಆಯಿತು. ಈಗ ಎಸ್‌ವಿಸಿ ಎಂಬ ಬೋರ್ಡು ನೋಡುವವರಲ್ಲಿ ಎಷ್ಟು ಜನಕ್ಕೆ ಆ ‘ಎಸ್’, ‘ವಿ’ ಒಬ್ಬ ಮನುಷ್ಯನ ಹೆಸರು ಅಂತ ಗೊತ್ತಿದೆಯೋ! 1906 ನಮ್ಮವರ ಬ್ಯಾಂಕುಗಳಿಗೆ ಒಳ್ಳೆಯ ವರ್ಷವೇ ಸರಿ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ್ದೂ ಅದೇ ವರ್ಷ.

ಅದಕ್ಕೆ ಎರಡು ವರ್ಷ ಹಿಂದೆ, 1904ರಲ್ಲಿ, ಸಹಕಾರಿ ಸಾಲದ ಸಂಘಗಳ ಕಾಯ್ದೆ ಬಂದಿತ್ತು. ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಒತ್ತೆಗೆ ಏನೂ ಇಲ್ಲದ ನೌಕರರ ಸಂಘದಲ್ಲಿ ಸಾಲ ನಿಲ್ಲುವುದು ಜಾಮೀನಿನ ಮೇಲೆ. ಇಲ್ಲಿ ಬ್ಯಾಂಕಿನವನಾಗಿ ಒಂದು ಮಾತು ಹೇಳುತ್ತೇನೆ. ಜಾಮೀನು ಅಂದರೆ ಶಿಫಾರಸು ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಾಗಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅವನು ಕಟ್ಟದಿದ್ದರೆ ಇವನು ಕಟ್ಟಬೇಕು.

ಹೀಗಾಗಿ ಸಹಿ ಹಾಕುವ ಮೊದಲು ಆ ಹುಡುಗ ಯಾರು, ಏನು ಅಂತ ತಿಳಿದಿರಬೇಕು. ಸಹಿ ಹಾಕಿದ ಮೇಲೆ ಅವನ ಮೇಲೊಂದು ಕಣ್ಣಿಡಲೇಬೇಕು. ಕೆಲಸ ಬಿಟ್ಟನೇ? ಎಲ್ಲಾದರೂ ಜಾಗ ಖಾಲಿಯಿದೆಯಾ ಅಂತ ನಾಲ್ಕು ಜನರಲ್ಲಿ ಕೇಳಬೇಕು. ದಾರಿ ತಪ್ಪುತ್ತಿದ್ದಾನೆಯೇ? ಕೂರಿಸಿ ಬೈಯಬೇಕು. ಪರೀಕ್ಷೆ ಕಟ್ಟಿದರೆ ಸಂಬಳ ಏರುತ್ತದೆಯೇ? ಕಟ್ಟಿಸಬೇಕು. ಈಗ ಮೆಂಟರಿಂಗ್, ನೆಟ್‌ವರ್ಕಿಂಗ್ ಅಂತ ಏನೇನು ಹೇಳುತ್ತಾರೋ ಅದೆಲ್ಲ ಆ ಒಂದು ಸಹಿಯ ಹಿಂದೆ ತಾನಾಗಿ ಬರುತ್ತಿತ್ತು. ಬುದ್ಧಿಮಾತಿಗೆ ದುಡ್ಡು ಖರ್ಚಾಗುವುದಿಲ್ಲ. ಸಹಿಗೆ ಖರ್ಚಾಗಬಹುದು. ವ್ಯತ್ಯಾಸ ಇರುವುದು ಅಲ್ಲೇ.

ಇದು ಒಂದು ಸಮಾಜದ ಕಥೆಯಷ್ಟೇ ಅಲ್ಲ. ಸಾರಸ್ವತರು 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಕಟ್ಟಿದರು. 1915ರಲ್ಲಿ ಗಾಮದೇವಿಯಲ್ಲಿ ತಲ್ಮಕಿಯವರದೇ ಮುಂದಾಳತ್ವದಲ್ಲಿ ಸಹಕಾರಿ ವಸತಿ ಸಂಘ ಬಂತು. ದೇಶದ ಮೊದಮೊದಲ ಇಂಥ ಸಂಘಗಳಲ್ಲಿ ಅದೂ ಒಂದು. ತಾಡದೇವ್‌ನ ತಲ್ಮಕಿವಾಡಿ ಈಗಲೂ ಅವರ ಹೆಸರು ಹೇಳುತ್ತದೆ. ಕಡಲಿನ ಮಕ್ಕಳಾದ ಮೊಗವೀರರು 1902ರಲ್ಲೇ ಇಲ್ಲಿ ವ್ಯವಸ್ಥಾಪಕ ಮಂಡಳಿ ಮಾಡಿಕೊಂಡಿದ್ದರು. 1946ರಲ್ಲಿ ಮೊಗವೀರ ಬ್ಯಾಂಕು ಬಂತು. ಬಿಲ್ಲವರ ಅಸೋಸಿಯೇಶನ್ 1932ರದು, ಅದರ ಆಸರೆಯಲ್ಲಿ 1978ರಲ್ಲಿ ಭಾರತ್ ಬ್ಯಾಂಕು ಶುರುವಾಯಿತು. ಅದನ್ನು ಬಹುಕಾಲ ಮುನ್ನಡೆಸಿದ ಜಯ ಸಿ. ಸುವರ್ಣರು 2020ರಲ್ಲಿ ತೀರಿಕೊಂಡರು. ಇವೆಲ್ಲದರ ಜೊತೆಗೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳು. ಹಗಲು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗ ಸಂಜೆ ಕೈತೊಳೆದು ಶಾಲೆಗೆ ಓಡಬೇಕಾದರೆ, ಮಾಲೀಕ ಒಂದೆರಡು ತಾಸು ಅವನನ್ನು ಬಿಡಬೇಕಿತ್ತು. ಅದೂ ಒಂದು ಥರದ ಜಾಮೀನೇ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಇದರಲ್ಲಿ ಹೆಚ್ಚಿನದೆಲ್ಲ ‘ನಮ್ಮವರಿಗೆ’ ಅಂತಲೇ ಕಟ್ಟಿದ್ದು. ಪರಿಚಯ ಇದ್ದರೆ ತಾನೆ ಸಹಿ? ಪರಿಚಯ ಇರುವುದು ಜಾತಿಯವರದು, ಊರಿನವರದು. ಹೆಸರು ಹೇಳಿಕೊಳ್ಳಲು ಸಂಘವೇ ಇಲ್ಲದವನು ಎಲ್ಲಿಗೆ ಹೋಗಬೇಕು? ಈ ಬ್ಯಾಂಕುಗಳು ಮುಂದೆ ಎಲ್ಲರಿಗೂ ಬಾಗಿಲು ತೆರೆದವು, ಅದು ದೊಡ್ಡ ಮಾತು. ಮನುಷ್ಯರು ತೆರೆಯುವುದು ಇನ್ನೂ ನಿಧಾನ. ನನ್ನನ್ನೇ ನೋಡಿ.

1993ರಲ್ಲಿ ನಾನು ಕ್ಲರ್ಕು. ಊರಲ್ಲಿ ಅಪ್ಪನಿಗೆ ಆಪರೇಷನ್. ನೌಕರರ ಕ್ರೆಡಿಟ್ ಸೊಸೈಟಿಯಲ್ಲಿ ಸಾಲ ಬೇಕೆಂದರೆ ಇಬ್ಬರ ಜಾಮೀನು ಬೇಕು. ಕನ್ನಡದವರೇ ಆದ ಒಬ್ಬರು ಸಹಿ ಹಾಕಿದರು. ಇನ್ನೊಂದಕ್ಕೆ ಅಲೆಯುತ್ತಿದ್ದಾಗ ನಮ್ಮ ಹೆಡ್ ಕ್ಯಾಶಿಯರ್ ತಾವಾಗಿ ಫಾರಂ ಕೇಳಿದರು. ಅವರು ಸಿಂಧುದುರ್ಗದ ಕಡೆಯವರು, ಎಲ್ಲರೂ ‘ಕಾಕಾ’ ಅಂತಲೇ ಕರೆಯುತ್ತಿದ್ದರು. ಸಹಿ ಹಾಕಿ, “ಸಹಿ ನನ್ನದು, ಮರ್ಯಾದೆ ನಿನ್ನದು” ಅಂತ ಮರಾಠಿಯಲ್ಲಿ ಹೇಳಿದರು. ಆಮೇಲೆ ನನ್ನನ್ನು ಬಿಡಲಿಲ್ಲ. ಸಿಎಐಐಬಿ ಪರೀಕ್ಷೆಗೆ ಕಟ್ಟಿಸಿದರು, ಪ್ರತಿ ಶನಿವಾರ ಎಷ್ಟು ಓದಿದೆ ಅಂತ ಕೇಳಿದರು. ನಾನು ಆಫೀಸರ್ ಆದದ್ದು ಅವರ ಆ ಕಾಟದಿಂದ.

2011ರಲ್ಲಿ ಯವತಮಾಳ ಕಡೆಯ ಒಬ್ಬ ಹುಡುಗ ಅದೇ ಫಾರಂ ಹಿಡಿದು ನನ್ನ ಟೇಬಲ್ಲಿಗೆ ಬಂದ. ತಂಗಿಯ ಮದುವೆ ಅಂದ. ಒಳ್ಳೆಯ ಕೆಲಸಗಾರ. ಆದರೆ ಯಾರ ಪೈಕಿ, ಎತ್ತ, ಏನೂ ಗೊತ್ತಿಲ್ಲ. “ನನ್ನ ಜಾಮೀನಿನ ಲಿಮಿಟ್ ಮುಗಿದಿದೆ” ಅಂದೆ. ಸುಳ್ಳು. ಯಾರು ಎಷ್ಟು ಜನರಿಗೆ ನಿಂತಿದ್ದಾರೆ ಅನ್ನುವುದು ಸೊಸೈಟಿಯ ರಿಜಿಸ್ಟರಿನಲ್ಲೇ ಇರುತ್ತದೆ, ಅವನಿಗೆ ತಿಳಿಯದೆ ಇರಲಿಲ್ಲ. ಏನೂ ಅನ್ನಲಿಲ್ಲ. ಬೇರೆಯವರು ಸಹಿ ಹಾಕಿದರು, ಅವನು ಒಂದು ಕಂತೂ ತಪ್ಪಿಸಲಿಲ್ಲ. ಪ್ರಮೋಷನ್ ಸಿಕ್ಕಿ ಪುಣೆಗೆ ಹೋಗುವವರೆಗೂ ದಿನಾ ಬೆಳಿಗ್ಗೆ ನನಗೆ ನಮಸ್ಕಾರ ಹೇಳುತ್ತಿದ್ದ. ಆ ನಮಸ್ಕಾರ ನನಗೆ ಈಗಲೂ ಚುಚ್ಚುತ್ತದೆ. ಕಾಕಾ ನನ್ನ ಜಾತಿ ಕೇಳಿರಲಿಲ್ಲ, ಊರಿನ ಹೆಸರನ್ನೂ ಸರಿಯಾಗಿ ಉಚ್ಚರಿಸುತ್ತಿರಲಿಲ್ಲ. ಅವರಿಂದ ಪಡೆದದ್ದನ್ನು ಮುಂದಿನವನಿಗೆ ಕೊಡುವ ಹೊತ್ತಿಗೆ ನಾನು ಲೆಕ್ಕ ಹಾಕಿದೆ.

ಟ್ರೇನಿಂಗ್ ಮುಗಿಯುವಾಗ ಒಂದು ಫಾರಂ ಕೊಟ್ಟರು. ನೀವು ಬೆಳೆಸಲಿರುವ ಇಬ್ಬರ ಹೆಸರು ಬರೆಯಿರಿ ಅಂತ. ನಮ್ಮ ಶಾಖೆಗೆ ಹೊಸದಾಗಿ ಬಂದ ಇಬ್ಬರ ಹೆಸರು ಬರೆದೆ. ಒಬ್ಬಳು ಲಾತೂರಿನವಳು, ಒಬ್ಬ ಬಿಹಾರದವನು. ಸೋಮವಾರ ಇಬ್ಬರನ್ನೂ ಕರೆದು ಕೂರಿಸಿದೆ. ಲೀಡರ್‌ಶಿಪ್ ಬಗ್ಗೆ ಏನಾದರೂ ಹೇಳುತ್ತೇನೆ ಅಂತ ಪಾಪ ಡೈರಿ ತಂದಿದ್ದರು. ನಾನು ಕೇಳಿದ್ದು ಇಷ್ಟೇ: “ಕ್ರೆಡಿಟ್ ಸೊಸೈಟಿಯ ಮೆಂಬರ್ ಆಗಿದ್ದೀರಾ?”