ಪೆಟಗಿ ಸಣ್ಣದಾತು, ವ್ಯಾಟ್ ದೊಡ್ಡದಾತು

ಮನಿಗೆ ಹಾಡು ಕೇಳೂ ಸ್ಪೀಕರ್ ತರೂದು ಅಂದ್ರ ಎಲ್ಲಾರೂ ಮದಲ ಕೇಳೂದು ಒಂದ ಮಾತು: "ಎಷ್ಟ ವ್ಯಾಟಿಂದ್ರಿ?" ಅಕ್ಕಂದಿರಾ, ಬರೇ ಒಲಿ ಉರಿ ಎಷ್ಟದ ಅಂತ ಕೇಳಿಧಂಗ ಆತಿದು. ಮ್ಯಾಲ ಇಟ್ಟ ಭಾಂಡಿ ತೆಳ್ಳಗದನೋ ದಪ್ಪದನೋ ಗೊತ್ತಿಲ್ಲದ ಹಾಲು ಯಾವಾಗ ಉಕ್ಕತದ ಅಂತ ಹೆಂಗ ಹೇಳೂದು? ವ್ಯಾಟ್ ಅಂದ್ರ ಆಂಪ್ಲಿಫೈಯರ್ ಕೊಡೂ ಉರಿ. ಅದರಾಗ ದನಿ ಆಗೂದು ಸಣ್ಣ ಪಾಲು, ಉಳಿದದ್ದೆಲ್ಲಾ ಸ್ಪೀಕರಿನೊಳಗ ಬಿಸಿ ಆಗಿ ಹೋಗತದ. ಆ ಪಾಲು ಎಷ್ಟು ಅನ್ನೂದನ್ನ ಸ್ಪೀಕರ್ ಠರಾಸತದ.

1925ರಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತ ಎಡ್ವರ್ಡ್ ಕೆಲಾಗ್, ತಂತಿ ಸುರುಳಿ ಮತ್ತ ಕಾಗದದ ಕೋನ್ ಇರೂ ಸ್ಪೀಕರ್ ತೋರಿಸಿದ್ರು. ಇವತ್ತಿನ ಸ್ಪೀಕರಿಗೆ ಅದ ಮುತ್ತಜ್ಜಿ. ಅದನ್ನ ನಡಸಲಿಕ್ಕೆ ಮಾಡಿದ ಆಂಪ್ಲಿಫೈಯರ್ 1 ವ್ಯಾಟಿನ ಆಜೂಬಾಜೂ. ಆವಾಗೆಲ್ಲಾ ಗಾಜಿನ ವಾಲ್ವಿನ ಕಾಲ; ಒಂದೊಂದು ವ್ಯಾಟಿಗೂ ರೊಕ್ಕ ಸುರೀಬೇಕು. 1930ರ ದಶಕದಾಗ ಸಿನೆಮಾ ಥೇಟರಿನಾಗ ಹೆಸರು ಮಾಡಿದ ವೆಸ್ಟರ್ನ್ ಎಲೆಕ್ಟ್ರಿಕ್ 300ಬಿ ವಾಲ್ವ್ ಒಂದ ಇದ್ರ ಸುಮಾರು 8 ವ್ಯಾಟ್ ಅಷ್ಟ. ಅಷ್ಟರಾಗ ಇಡೀ ಥೇಟರ್ ತುಂಬಬೇಕು! ಅದಕ್ಕ ಸ್ಪೀಕರಿಗೆ ಕಪಾಟಿನಷ್ಟ ದೊಡ್ಡ ಕಹಳಿ ಕಟ್ಟತಿದ್ರು. ಕಹಳಿ ಇದ್ರ ಸಣ್ಣ ಉರಿಗೂ ದನಿ ಜೋರಾಗತದ.

ಮನಿ ಸಲುವಾಗಿ ಇದನ್ನ ತಂದಾಂವ ಪಾಲ್ ಕ್ಲಿಪ್ಶ್. 1946ರಾಗ ಕಂಪನಿ ತೆಗೆದ. ಕೋಣಿ ಮೂಲಿಯ ಎರಡು ಗ್ವಾಡಿಗಳನ್ನ ಕಹಳಿಯ ಭಾಗ ಮಾಡಿಕೊಂಡ. ಸ್ವಲ್ಪ ವ್ಯಾಟಿಗೇ ಮನಿ ಗುಡುಗತಿತ್ತು, ಆದ್ರ ಮೂಲಿ ಖಾಲಿ ಮಾಡಿ ಕೊಡಬೇಕು. ಸಾಮಾನು ಸರಸಾಕಿ ಯಾರು ಅಂತ ನಾ ಹೇಳಬೇಕಾ?

1954ರಾಗ ಎಡ್ಗರ್ ವಿಲ್ಚರ್ ಬ್ಯಾರೆ ದಾರಿ ಹಿಡದ. ಪೆಟಗಿ ಪೂರ್ತಿ ಮುಚ್ಚಿ, ಒಳಗಿನ ಗಾಳೀನ ಸ್ಪ್ರಿಂಗ್ ಆಗೂಹಂಗ ಮಾಡಿದ. ಹೆನ್ರಿ ಕ್ಲಾಸ್ ಜೋಡಿ ತಂದ ಎಆರ್-1 ಸ್ಪೀಕರ್ ಪುಸ್ತಕದ ಕಪಾಟಿನಾಗ ಕೂಡೂವಷ್ಟ ಇದ್ರೂ ತಬಲಾದ ಡಗ್ಗಾದಂಥ ಇಳಿದನಿ ಛಲೋ ಬರತಿತ್ತು. ಆದ್ರ ಇದಕ್ಕ ಉರಿ ಭಾಳ ಬೇಕು. ಇದರ ಕಾಯಿದೆ ಹೇಳಿದಾಂವ ಆಂಟನ್ ಹಾಫ್‌ಮನ್: ಸಣ್ಣ ಪೆಟಗಿ, ಆಳದ ಇಳಿದನಿ, ಸ್ವಲ್ಪ ವ್ಯಾಟಿನಾಗ ಜೋರ ದನಿ, ಈ ಮೂರರಾಗ ಎರಡ ಸಿಗತಾವು, ಮೂರನೇದು ಬಿಡಬೇಕು.

ಲೆಕ್ಕ ನೋಡ್ರಿ. ಒಂದು ಸ್ಪೀಕರ್ 1 ವ್ಯಾಟ್ ಕೊಟ್ರ 1 ಮೀಟರ್ ದೂರದಾಗ 100 ಡೆಸಿಬೆಲ್ ಕೊಡತದ, ಇನ್ನೊಂದು 85 ಅಂತ ತಿಳೀರಿ. ಮದಲನೇದಕ್ಕ 2 ವ್ಯಾಟ್ ಸಾಕಾಗೂ ಕಡೆ ಎರಡನೇದಕ್ಕ 64ರ ಹತ್ತಿರ ಬೇಕು.

1958ರಾಗ ಸ್ಟೀರಿಯೋ ರೆಕಾರ್ಡ್ ಬಂದು, ಮನಿಗೆ ಎರಡೆರಡು ಸ್ಪೀಕರ್ ಬೇಕಾದವು. ಅಂದಮ್ಯಾಲ ಸಣ್ಣ ಪೆಟಗೀನ ಗೆಲ್ಲೂದು ಸಹಜ. ಅದರ ಬೆನ್ನಿಗೆ ಆಂಪ್ಲಿಫೈಯರೂ ಬೆಳೀತು. 1959ರ ಡೈನಾಕೋ ಸ್ಟೀರಿಯೋ 70, ವಾಲ್ವಿಂದ, ಒಂದೊಂದು ಬಾಜೂಕ್ಕ 35 ವ್ಯಾಟ್. ಆಮ್ಯಾಲ ಟ್ರಾನ್ಸಿಸ್ಟರ್ ಬಂತು. ವಾಲ್ವಿಗೆ ಬೇಕಾಗೂ ವಜ್ಜದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬ್ಯಾಡಾತು, ವ್ಯಾಟ್ ಸೋವಿ ಆತು. 1970ರ ದಶಕದಾಗ ಬಾಬ್ ಕಾರ್ವರನ ಫೇಸ್ ಲೀನಿಯರ್ 700 ಬಾಜೂಕ್ಕ 350ಕ್ಕ ಮುಟ್ಟಿತು.

ಸೋವಿ ಆದದ್ದರ ಬಗ್ಗೆ ಸುಳ್ಳೂ ಜಾಸ್ತಿ. ಕಣ್ಣು ಮುಚ್ಚಿ ತೆಗಿಯೂದ್ರಾಗ ಮುಗಿಯೂ ಶಕ್ತೀನ ಡಬ್ಬಿ ಮ್ಯಾಲ ಬರಿಯೂ ಚಾಲಿ ಬಿತ್ತು. ಅದಕ್ಕ 1974ರಾಗ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಶನ್, ಮನಿ ಆಂಪ್ಲಿಫೈಯರಿನ ವ್ಯಾಟ್ ಹೆಂಗ ಅಳೀಬೇಕು ಅಂತ ನಿಯಮ ಮಾಡಿತು. ನಮ್ಮ ಕಡೆ ಟೇಪ್‌ರೆಕಾರ್ಡರ್ ಮ್ಯಾಲ "ಪಿಎಂಪಿಓ" ಅಂತ ನೂರಾರು ವ್ಯಾಟ್ ಬರದದ್ದು ನೆನಪದನ? ಅದೂ ಇದ ಜಾತಿ.

ಹಂಗಂತ ಸಣ್ಣ ಆಂಪ್ಲಿಫೈಯರ್ ಇದ್ರ ಸ್ಪೀಕರಿಗೆ ಧಕ್ಕಿ ಇಲ್ಲ ಅಂತಲ್ಲ. ತಾಕತ್ತು ಮೀರಿ ತಿರುವಿದ್ರ ದನಿಯ ತುದಿ ಕತ್ತರಿಸಿ, ಒಡಕ ಬಂದು, ಸಣ್ಣ ಟ್ವೀಟರ್ ಸುಟ್ಟು ಹೋಗಬಹುದು.

ಅದಕ್ಕ ಅಂಗಡ್ಯಾಗ ಮೂರು ಮಾತು ಕೇಳ್ರಿ. 1 ವ್ಯಾಟಿಗೆ ಎಷ್ಟು ಡೆಸಿಬೆಲ್? ಸ್ಪೀಕರ್ ಎಷ್ಟು ಓಮ್, ಆಂಪ್ಲಿಫೈಯರಿಗೆ ಅದು ನಡೀತದನ? ವ್ಯಾಟ್ ಬರದದ್ದು ಆರ್‌ಎಂಎಸ್ ಏನು? 50ರದ್ದು ಬಿಟ್ಟು 100ರದ್ದು ತಂದ್ರ ಬರೇ 3 ಡೆಸಿಬೆಲ್ ಏರತದ, ಕಿವಿಗೆ ಒಂದೀಟ ಫರಕ. ಅಷ್ಟಕ್ಕ ದುಪ್ಪಟ್ಟು ರೊಕ್ಕ ಕೊಡೂ ಮದಲ ಸ್ಪೀಕರ್ ಎಂಥಾದ್ದು ನೋಡ್ರಿ.