ಇಟ್ಟಿಗೆ ಮತ್ತು ಬ್ಲಾಕ್ ಕಟ್ಟಡದ ಗುಣಮಟ್ಟ (ಬಸವಕಲ್ಯಾಣ–ಹುಮನಾಬಾದ್)

ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳಲ್ಲಿ ಗೋಡೆ ಕಟ್ಟುವಾಗ ಪಾಲಿಸಬೇಕಾದ ಅಳತೆಗೋಲುಗಳು ಭಾರತೀಯ ಮಾನಕಗಳಲ್ಲಿವೆ. ಸುಟ್ಟ ಇಟ್ಟಿಗೆಗೆ ಐಎಸ್ 1077, ಕಾಂಕ್ರೀಟ್ ಬ್ಲಾಕಿಗೆ ಐಎಸ್ 2185, ಜಂಬಿಟ್ಟಿಗೆಗೆ ಐಎಸ್ 3620, ಇಟ್ಟಿಗೆ ಕಟ್ಟುವ ವಿಧಾನಕ್ಕೆ ಐಎಸ್ 2212 ಅನ್ವಯಿಸುತ್ತವೆ. ಮಾನಕ ಇಟ್ಟಿಗೆಯ ಅಳತೆ 190×90×90 ಮಿ.ಮೀ. ಇಟ್ಟಿಗೆಯನ್ನು ನೆನೆಸಿ ಕಟ್ಟಬೇಕು. ಕಾಂಕ್ರೀಟ್ ಬ್ಲಾಕನ್ನು ನೆನೆಸುವಂತಿಲ್ಲ, ನೆನೆಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ, ಕೆಲಕಾಲ ಬಿಟ್ಟು ಬಳಸಬೇಕು. ಗೌಂಡಿಗಳು ತೂಗುಗುಂಡು, ರಸಮಟ್ಟ, ದಾರಗಳಿಂದ ನೇರ ನೋಡುತ್ತಾರೆ. ಸಂದಿಯ ದಪ್ಪ ಸುಮಾರು 10 ಮಿ.ಮೀ. ಇರಬೇಕು, ಮೇಲಿನ ವರಸೆಯ ಸಂದಿ ಕೆಳಗಿನದರ ಮೇಲೆ ಬರಬಾರದು. ಕಟ್ಟಿದ ಗೋಡೆಗೆ ಕನಿಷ್ಠ 7 ದಿನ ನೀರುಣಿಸಬೇಕು. ಎರೆಮಣ್ಣು ಹಿಗ್ಗಿ ಕುಗ್ಗುವ ಕಡೆ ಗೋಡೆಯ ಬಾಳಿಕೆ ತಳಪಾಯವನ್ನೂ ಅವಲಂಬಿಸಿದೆ.